ಹಸಿರು ಶ್ರೇಯಾಂಕ: ಲಾಭ ಬಾಡಿಗೆಯಲ್ಲೋ, ವಿದ್ಯುತ್ ಬಿಲ್ಲಿನಲ್ಲೋ?

ಬೀದರ್ ನಗರದ ಮೈಲೂರಿನಲ್ಲಾಗಲಿ, ಭಾಲ್ಕಿ, ಔರಾದ್ ಪೇಟೆಗಳಲ್ಲಾಗಲಿ ಸಾಲ ಪಡೆದು ವಾಣಿಜ್ಯ ಮಳಿಗೆ ಕಟ್ಟಿಸುವವರು ಇಂದು ಪರಿಶೀಲಿಸಲೇಬೇಕಾದ ಪ್ರಶ್ನೆಯೊಂದಿದೆ. ಪರಿಸರಸ್ನೇಹಿ ಕಟ್ಟಡವೆಂಬ ಶ್ರೇಯಾಂಕಕ್ಕಾಗಿ ತೊಡಗಿಸಿದ ಹೆಚ್ಚುವರಿ ಹಣ ಹಿಂದಿರುಗುವುದೇ?

ನೆರೆಯ ಹೈದರಾಬಾದಿನ ಸಿಐಐ–ಸೊರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರವು 2003ರಲ್ಲಿ ‘ಲೀಡ್’ ಪದ್ಧತಿಯ ಪ್ಲಾಟಿನಂ ಶ್ರೇಯಾಂಕ ಪಡೆದು, ಅಮೆರಿಕದ ಹೊರಗೆ ಆ ಗೌರವಕ್ಕೆ ಪಾತ್ರವಾದ ಮೊದಲ ಕಟ್ಟಡವಾಯಿತು. 2009ರಲ್ಲಿ ಇಂಧನ ದಕ್ಷತಾ ಬ್ಯೂರೋ ಕಚೇರಿ ಕಟ್ಟಡಗಳಿಗೆ ನಕ್ಷತ್ರ ಶ್ರೇಣಿಯನ್ನು ಜಾರಿಗೆ ತಂದಿತು.

ಐಖೋಲ್ಟ್ಸ್, ಕೋಕ್ ಮತ್ತು ಕ್ವಿಗ್ಲಿ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಕಚೇರಿ ಕಟ್ಟಡಗಳನ್ನು ಕುರಿತು 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶ್ರೇಯಾಂಕವಿದ್ದ ಕಟ್ಟಡಗಳ ಬಾಡಿಗೆ ಸಮೀಪದ ಇತರ ಕಟ್ಟಡಗಳಿಗಿಂತ ಶೇ. 3ರಷ್ಟು, ಮಾರಾಟ ಬೆಲೆ ಸುಮಾರು ಶೇ. 16ರಷ್ಟು ಅಧಿಕವಾಗಿದ್ದವು. ಆದರೆ ಆ ಲಾಭ ನಿಂತಿರುವುದು ಶ್ರೇಯಾಂಕಕ್ಕೆ ಬೆಲೆ ಕೊಡುವ ಬಾಡಿಗೆದಾರರ ಮೇಲೆ. ನಮ್ಮಲ್ಲಿ ಷೇರುಪೇಟೆಯ ಅಗ್ರ 1000 ಕಂಪನಿಗಳು 2022–23ರಿಂದ ಪರಿಸರ ಹೊಣೆಗಾರಿಕೆಯ ವರದಿ ಸಲ್ಲಿಸುವುದನ್ನು ಸೆಬಿ ಕಡ್ಡಾಯಗೊಳಿಸಿದೆ. ಬೆಂಗಳೂರಿನಲ್ಲಿ ಕಚೇರಿ ಹುಡುಕುವ ಅಂತಹ ಕಂಪನಿಗೆ ಶ್ರೇಯಾಂಕ ಬೇಕು. ಮೈಲೂರಿನಲ್ಲಿ ಬಟ್ಟೆ ಅಂಗಡಿಗೋ ಔಷಧ ಮಳಿಗೆಗೋ ಜಾಗ ಕೇಳುವವರು ಮೊದಲು ನೋಡುವುದು ರಸ್ತೆಯನ್ನು, ಗಿರಾಕಿಯ ಓಡಾಟವನ್ನು.

ಆದ್ದರಿಂದ ಇಲ್ಲಿ ಲಾಭವನ್ನು ಅರಸಬೇಕಾದುದು ಬಿಲ್ಲಿನಲ್ಲಿ. ಬ್ಯೂರೋದ ಅಳತೆಗೋಲು ಸರಳ: ವರ್ಷದ ಯೂನಿಟ್‌ಗಳನ್ನು ಕಟ್ಟಡದ ಚದರ ಮೀಟರ್‌ಗಳಿಂದ ಭಾಗಿಸುವುದು. ಉದಾಹರಣೆಗೆ, 300 ಚದರ ಮೀಟರ್ ಮಳಿಗೆ ವರ್ಷಕ್ಕೆ 24,000 ಯೂನಿಟ್ ಬಳಸಿದರೆ ಪ್ರಮಾಣ 80. ಬಿಳಿ ಬಣ್ಣದ ಮಾಳಿಗೆ, ಕಿಟಕಿಗಳಿಗೆ ನೆರಳು, ಎಲ್‌ಇಡಿ ದೀಪಗಳಿಂದ ಅದನ್ನು 64ಕ್ಕೆ ಇಳಿಸಿದರೆ 4,800 ಯೂನಿಟ್ ಉಳಿತಾಯ. ಯೂನಿಟ್‌ಗೆ 8 ರೂಪಾಯಿಯಂತೆ 38,400 ರೂಪಾಯಿ. 2 ಲಕ್ಷದ ವೆಚ್ಚ ಐದು ವರ್ಷ ದಾಟುವಷ್ಟರಲ್ಲಿ, ಬಡ್ಡಿಯನ್ನು ಬಿಟ್ಟು, ಹಿಂದಿರುಗುತ್ತದೆ.

ಇಲ್ಲೊಂದು ತೊಡಕುಂಟು. ಹಣ ಹೂಡುವವನು ಮಾಲೀಕ. ಬಿಲ್ಲು ಕಟ್ಟುವವನು ಸಾಮಾನ್ಯವಾಗಿ ಬಾಡಿಗೆದಾರ. ಉಳಿತಾಯದ ಪಾಲನ್ನು ಬಾಡಿಗೆ ಕರಾರಿನಲ್ಲಿ ಮೊದಲೇ ಬರೆಯದಿದ್ದರೆ ಮಾಲೀಕನಿಗೆ ಸಾಲದ ಕಂತು ಮಾತ್ರ ಉಳಿಯುತ್ತದೆ. ಸ್ವಂತ ಕಟ್ಟಡದಲ್ಲೇ ಉದ್ಯಮ ನಡೆಸುವ ಸಣ್ಣ ಕೈಗಾರಿಕೋದ್ಯಮಿಗೆ ಈ ತೊಡಕಿಲ್ಲ, ಉಳಿತಾಯವೆಲ್ಲ ಅವನದೇ.

ಪ್ರಮಾಣಪತ್ರದ ಶುಲ್ಕ ಕಟ್ಟುವ ಮುನ್ನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕುವುದು ಜಾಣತನ. ಶ್ರೇಯಾಂಕ ಕೇಳುವ ಬಾಡಿಗೆದಾರ ಬಂದಾಗ ಅದೇ ಲೆಕ್ಕ ಅರ್ಜಿಗೂ ಆಧಾರವಾಗುತ್ತದೆ.