ನಕ್ಷತ್ರಗಳ ಲೆಕ್ಕವಿಟ್ಟ ಖಜಾನೆಯ ನೌಕರ

ನಮ್ಮ ಹೈದರಾಬಾದಿಗೂ ನಕ್ಷತ್ರವೀಕ್ಷಣೆಗೂ ಇರುವ ನಂಟು ಹಳೆಯದು. ನವಾಬ್ ಜಫರ್ ಜಂಗರು ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕವೊಂದನ್ನು ಕೊಂಡುತಂದು 1901ರಲ್ಲಿ ಫೀಸಲ್ ಬಂಡಾದಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದರು. ಮುಂದೆ ಅದೇ ನಿಜಾಮಿಯಾ ವೀಕ್ಷಣಾಲಯವೆಂದು ಪ್ರಸಿದ್ಧವಾಯಿತು. ಆದರೆ ನವಾಬರಿಗೆ ಹಣವಿತ್ತು, ಜಾಗವಿತ್ತು, ಬಿಡುವೂ ಇತ್ತು. ಇವು ಮೂರೂ ಇಲ್ಲದವನಿಗೆ ಆಕಾಶದ ಹುಚ್ಚು ಹಿಡಿದರೆ ಏನಾದೀತು? ಅಂತಹ ಒಬ್ಬರ ವೃತ್ತಾಂತವನ್ನು ಇಲ್ಲಿ ಹೇಳುತ್ತೇನೆ. ಅವರು ಬಂಗಾಳದವರು, ಆದರೆ ಅವರ ದೂರದರ್ಶಕವು ಕೊನೆಗೆ ಸೇರಿದ್ದು ನಮ್ಮೂರಿನಲ್ಲಿ ಬೆಳೆದ ಒಬ್ಬರ ಕೈಗೆ.

ರಾಧಾಗೋವಿಂದ ಚಂದ್ರರು 1878ರಲ್ಲಿ ಜೆಸ್ಸೋರಿನ ಬಳಿ ಹುಟ್ಟಿದರು. ಶಾಲೆಯ ಬಂಗಾಳಿ ಪಠ್ಯಪುಸ್ತಕದಲ್ಲಿ ಅಕ್ಷಯಕುಮಾರ ದತ್ತರು ಬ್ರಹ್ಮಾಂಡದ ವಿಸ್ತಾರವನ್ನು ಕುರಿತು ಬರೆದ ಪಾಠವೊಂದಿತ್ತು. ಅದನ್ನು ಓದಿ ಹುಡುಗನ ಮನಸ್ಸು ಆಕಾಶಕ್ಕೆ ಏರಿತು. (ಭಾಷಾಪಾಠವೆಂದರೆ ಅಂಕ ಗಳಿಸುವ ಸುಲಭೋಪಾಯವೆಂದು ಬಗೆಯುವ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.) ಆದರೆ ಪ್ರವೇಶ ಪರೀಕ್ಷೆಯಲ್ಲಿ ಅವರು ಒಂದಲ್ಲ, ಮೂರು ಬಾರಿ ಅನುತ್ತೀರ್ಣರಾದರು. ಕೊನೆಗೆ ಜೆಸ್ಸೋರಿನ ಸರ್ಕಾರಿ ಖಜಾನೆಯಲ್ಲಿ ನಾಣ್ಯಗಳನ್ನು ಪರೀಕ್ಷಿಸುವ ಅಲ್ಪ ಸಂಬಳದ ನೌಕರಿ ದೊರೆಯಿತು. ಹಗಲೆಲ್ಲ ಖೋಟಾ ಯಾವುದು, ಸಾಚಾ ಯಾವುದು ಎಂದು ನೋಡುವ ಕೆಲಸ. ಇರುಳಿನಲ್ಲಿ ನಕ್ಷತ್ರಗಳ ಪರಿಚಯ. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅದನ್ನು ಸಾಮಾನ್ಯ ದುರ್ಬೀನಿನಿಂದಲೇ ನೋಡಿ ಬರೆದಿಟ್ಟರು. ಎರಡು ವರ್ಷಗಳ ತರುವಾಯ 3 ಅಂಗುಲದ ದೂರದರ್ಶಕವೊಂದನ್ನು ವಿಲಾಯತಿಯಿಂದ ತರಿಸಿಕೊಂಡರು.

1918ರ ಜೂನ್ ತಿಂಗಳ ಒಂದು ರಾತ್ರಿ ಗರುಡ ಪುಂಜದಲ್ಲಿ, ಶ್ರವಣ ನಕ್ಷತ್ರದಿಂದ ಸ್ವಲ್ಪ ದೂರದಲ್ಲಿ, ಹಿಂದೆಂದೂ ಕಾಣದಿದ್ದ ಚುಕ್ಕಿಯೊಂದು ಅವರ ಕಣ್ಣಿಗೆ ಬಿತ್ತು. ಪಟದಲ್ಲಿ ಅಲ್ಲಿ ಏನೂ ಇರಲಿಲ್ಲ. ಅದೊಂದು ನವತಾರೆ. ಶ್ವೇತಕುಬ್ಜವೆಂಬ ಪುಟ್ಟ, ಸಾಂದ್ರ ನಕ್ಷತ್ರವು ಜೊತೆಗಾರ ನಕ್ಷತ್ರದಿಂದ ಜಲಜನಕವನ್ನು ಸೆಳೆದು ಮೈಮೇಲೆ ಹೇರಿಕೊಳ್ಳುತ್ತದೆ. ಆ ಹೊದಿಕೆ ಒಂದು ಮಿತಿಯನ್ನು ಮೀರಿದಾಗ ಸ್ಫೋಟಿಸುತ್ತದೆ. ಅದುವರೆಗೆ ಬರಿಗಣ್ಣಿಗೆ ಕಾಣದಿದ್ದುದು ಕೆಲವೇ ದಿನಗಳಲ್ಲಿ ಲುಬ್ಧಕದ ಕಾಂತಿಗೆ ಸಮೀಪಿಸಿತು. 1604ರಲ್ಲಿ ಕೆಪ್ಲರನು ಕಂಡ ತಾರೆಯ ನಂತರ ಅಷ್ಟು ಪ್ರಖರವಾದ ನವತಾರೆ ಬೇರೊಂದು ಕಾಣಿಸಿರಲಿಲ್ಲ. ಅದು ನಮ್ಮಿಂದ ಸುಮಾರು ಸಾವಿರ ಜ್ಯೋತಿರ್ವರ್ಷಗಳಾಚೆ ಇರುವುದರಿಂದ ಸ್ಫೋಟವು ನಿಜವಾಗಿ ನಡೆದದ್ದು, ಸ್ಥೂಲವಾಗಿ ಹೇಳುವುದಾದರೆ, ಮಾನ್ಯಖೇಟದಲ್ಲಿ ನೃಪತುಂಗನು ಆಳಿದ ಕಾಲದ ಆಸುಪಾಸಿನಲ್ಲಿ.

ಆ ದಿನಗಳಲ್ಲಿ ಲೋಕದ ಹಲವು ಕಡೆ ಹಲವರು ಅದನ್ನು ಕಂಡರು. ಆದುದರಿಂದ ಕಂಡುಹಿಡಿದ ಕೀರ್ತಿ ರಾಧಾಗೋವಿಂದರೊಬ್ಬರದೇ ಅಲ್ಲ. ನನಗೆ ದೊಡ್ಡದಾಗಿ ತೋರುವುದು ಆ ರಾತ್ರಿಯಲ್ಲ, ಅದರ ಮುಂದಿನ ಮೂವತ್ತೈದು ವರ್ಷಗಳು. ಅವರು ತಮ್ಮ ವೀಕ್ಷಣೆಯನ್ನು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಪಿಕರಿಂಗ್ ಅವರಿಗೆ ಬರೆದು ಕಳುಹಿಸಿದರು. ಅದರ ಫಲವಾಗಿ, 1911ರಲ್ಲಿ ಅಲ್ಲಿ ಹುಟ್ಟಿದ್ದ ಚಂಚಲ ನಕ್ಷತ್ರ ವೀಕ್ಷಕರ ಸಂಘದೊಡನೆ ಅವರಿಗೆ ಸಂಪರ್ಕವುಂಟಾಯಿತು. ಕಾಂತಿಯು ಹೆಚ್ಚುತ್ತ ಕುಗ್ಗುತ್ತ ಇರುವ ನಕ್ಷತ್ರವೇ ಚಂಚಲ ನಕ್ಷತ್ರ. ಇಂಥವು ಸಹಸ್ರಾರು ಇವೆ; ಕೆಲವು ಒಂದು ಸುತ್ತು ಮುಗಿಸಲು ವರ್ಷದಷ್ಟು ಕಾಲ ತೆಗೆದುಕೊಳ್ಳುತ್ತವೆ. ಇವೆಲ್ಲವನ್ನೂ ಪ್ರತಿ ರಾತ್ರಿಯೂ ಕಾಯುವಷ್ಟು ಪುರುಸೊತ್ತು ದೊಡ್ಡ ವೀಕ್ಷಣಾಲಯಗಳಿಗೆ ಇರಲಿಲ್ಲ. ಆ ಕಾವಲು ಹವ್ಯಾಸಿಗಳ ಪಾಲಿಗೆ ಬಂತು.

ಕೆಲಸದ ಕ್ರಮ ಸರಳ, ಆದರೆ ತಾಳ್ಮೆ ಬೇಡುವಂಥದು. ನಕ್ಷತ್ರದ ಹೊಳಪನ್ನು ಕಾಂತಿಮಾನವೆಂಬ ಅಂಕಿಯಿಂದ ಸೂಚಿಸುತ್ತಾರೆ. ಅಂಕಿ ದೊಡ್ಡದಾದಷ್ಟೂ ಹೊಳಪು ಕಡಿಮೆ. ಒಂದು ಅಂಕಿ ಏರಿದರೆ ಬೆಳಕು ಸುಮಾರು ಎರಡೂವರೆ ಪಟ್ಟು ತಗ್ಗಿತೆಂದು ಅರ್ಥ. ಪಟದಲ್ಲಿ ಕಾಂತಿಮಾನ ಗೊತ್ತಿರುವ ಎರಡು ಸ್ಥಿರ ನಕ್ಷತ್ರಗಳನ್ನು ಆರಿಸಿಕೊಂಡು, ಚಂಚಲ ನಕ್ಷತ್ರವು ಅವೆರಡರ ನಡುವೆ ಎಲ್ಲಿ ನಿಲ್ಲುವುದೆಂದು ಕಣ್ಣಳತೆಯಿಂದ ನಿರ್ಧರಿಸಬೇಕು. ಒಂದು 7.2, ಇನ್ನೊಂದು 7.8 ಆಗಿದ್ದು ನಮ್ಮದು ಸರಿಯಾಗಿ ಮಧ್ಯದಲ್ಲಿದ್ದರೆ 7.5 ಎಂದು ಬರೆಯಬೇಕು. ಬಳಿಕ ಮುಂದಿನ ನಕ್ಷತ್ರ. ಖಜಾನೆಯಲ್ಲಿ ಪಳಗಿದ ಕಣ್ಣು ಇಲ್ಲಿಯೂ ನೆರವಾಗಿರಬೇಕೆಂದು ನನ್ನ ಊಹೆ.

ಹೀಗೆ 1954ರವರೆಗೆ ಅವರು ಸಂಘಕ್ಕೆ ಕಳುಹಿಸಿದ ವೀಕ್ಷಣೆಗಳು 37,000ಕ್ಕೂ ಮಿಕ್ಕಿದುವು. ಭಾಗಿಸಿ ನೋಡಿದರೆ ದಿನಕ್ಕೆ ಸುಮಾರು ಮೂರು. ಆದರೆ ಬಂಗಾಳದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಆಕಾಶವೇ ಕಾಣದು. ತಿಳಿಯಾದ ಇರುಳುಗಳಲ್ಲಿ ಅವರು ಎಷ್ಟು ಹೊತ್ತು ನಿದ್ದೆಗೆಟ್ಟಿರಬೇಕೆಂಬುದನ್ನು ನೀವೇ ಲೆಕ್ಕ ಹಾಕಿರಿ. ಬೆಳಗಾದರೆ ಮತ್ತೆ ಸಂಸಾರ, ಮತ್ತೆ ದುಡಿಮೆ. 1926ರಲ್ಲಿ ಸಂಘವು 6 ಅಂಗುಲದ ದೂರದರ್ಶಕವೊಂದನ್ನು ಸಮುದ್ರ ದಾಟಿಸಿ ಅವರಿಗೆ ಕಳುಹಿಸಿಕೊಟ್ಟಿತು. 1928ರಲ್ಲಿ ಫ್ರೆಂಚ್ ಸರ್ಕಾರವು ಗೌರವ ಪದವಿಯನ್ನಿತ್ತಿತು.

1947ರಲ್ಲಿ ದೇಶ ಒಡೆಯಿತು. ಜೆಸ್ಸೋರು ಪಾಕಿಸ್ತಾನಕ್ಕೆ ಸೇರಿತು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಅವರು ಹುಟ್ಟಿದ ನೆಲವನ್ನು ತೊರೆದು ಕಲಕತ್ತೆಯ ಸಮೀಪದ ಬಾರಾಸಾತಿಗೆ ಬಂದರು. ಊರು ಬಿಟ್ಟು ಬಂದವರಿಗೆ ಮನೆಯ ಕಂಬವೂ ಬೀದಿಯ ಮರವೂ ಹಿಂದೆಯೇ ಉಳಿಯುತ್ತವೆ. ರಾಧಾಗೋವಿಂದರ ನಕ್ಷತ್ರಗಳು ಮಾತ್ರ ಹೊಸ ಊರಿನಲ್ಲಿಯೂ ಹಳೆಯ ಸ್ಥಾನದಲ್ಲಿಯೇ ಇದ್ದುವು. ಅಲ್ಲಿಯೂ ವೀಕ್ಷಣೆ ಮುಂದುವರಿಯಿತು. 1975ರಲ್ಲಿ, ಬಡತನದಲ್ಲಿಯೇ, ತೀರಿಕೊಂಡರು.

ವೃದ್ಧಾಪ್ಯದಲ್ಲಿ ಅವರು ಒಪ್ಪಿಸಿದ ದೂರದರ್ಶಕವು ವೇಣು ಬಾಪು ಅವರಿಗೆ ಹೋಯಿತು. ಬಾಪು ಅವರ ತಂದೆ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದವರು. ಮಗ ಓದಿದ್ದು ಇಲ್ಲಿನ ನಿಜಾಂ ಕಾಲೇಜಿನಲ್ಲಿ. ವಿದ್ಯಾರ್ಥಿಯಾಗಿ ಹಾರ್ವರ್ಡಿಗೆ ಹೋದಾಗ, 1949ರ ಜುಲೈ ತಿಂಗಳಲ್ಲಿ, ತಾವು ತೆಗೆದ ಛಾಯಾಚಿತ್ರದ ಫಲಕದಲ್ಲಿ ಅಕಸ್ಮಾತ್ತಾಗಿ ಒಂದು ಧೂಮಕೇತುವನ್ನು ಕಂಡರು. ಅದು ಬಾಪು, ಬಾಕ್, ನ್ಯೂಕರ್ಕ್ ಎಂಬ ಮೂವರ ಹೆಸರನ್ನು ಹೊತ್ತಿದೆ. ಅವರು ತಮಿಳುನಾಡಿನ ಕಾವಲೂರಿನಲ್ಲಿ ಕಟ್ಟಿದ ವೀಕ್ಷಣಾಲಯವು ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಖಜಾನೆಯ ನೌಕರರ ದೂರದರ್ಶಕವೂ ಆ ಕಾವಲೂರನ್ನೇ ಸೇರಿತು.

ನಮ್ಮ ಲಿಂಗಂಪಲ್ಲಿಯ ಆಕಾಶವನ್ನು ಬೀದಿದೀಪಗಳು ಬಹುಮಟ್ಟಿಗೆ ನುಂಗಿವೆ. ಆದರೂ ಬರಿಗಣ್ಣಿಗೆ ಕಾಣುವ ಚಂಚಲ ನಕ್ಷತ್ರವೊಂದು ಉಳಿದಿದೆ: ಮಹಾವ್ಯಾಧನ ಭುಜದಲ್ಲಿರುವ ಕೆಂಪು ಆರ್ದ್ರಾ. 2020ರ ಫೆಬ್ರವರಿಯಲ್ಲಿ ಅದು ಹಠಾತ್ತನೆ ಮಂಕಾಗಿ, ರೋಹಿಣಿಗಿಂತಲೂ ಕಳೆಗುಂದಿತ್ತು. ಫೆಬ್ರವರಿಯ ಸಂಜೆ ಎಂಟು ಗಂಟೆಗೆ ಮಾಳಿಗೆಯೇರಿ ದೀಪಕ್ಕೆ ಬೆನ್ನುಮಾಡಿ ನಿಲ್ಲಿರಿ. ರೋಹಿಣಿಯ ಕಾಂತಿಮಾನ ಸುಮಾರು 0.9, ಪೂರ್ವಕ್ಕಿರುವ ಪ್ರೋಸಿಯಾನಿನದು ಸುಮಾರು 0.4. ಆರ್ದ್ರಾ ಇವುಗಳಲ್ಲಿ ಯಾವುದಕ್ಕೆ ಹತ್ತಿರವೆಂದು ನೋಡಿ, ದಿನಾಂಕ, ಗಂಟೆ, ಅಂಕಿ ಇಷ್ಟನ್ನು ಬರೆಯಿರಿ. ಹತ್ತು ದಿನ ಬಿಟ್ಟು ಮತ್ತೆ ನೋಡಿರಿ. ಹಳೆಯ ಅಂಕಿಯನ್ನು ಮೊದಲೇ ತೆರೆದು ಓದಬಾರದು. ಮೋಡವಿದ್ದ ದಿನ ಮೋಡವೆಂದೇ ಬರೆಯಿರಿ.