ಸಂಘದ ಕರೆಸಂಜ್ಞೆಯೂ ಅದರ ಸಂಜ್ಞಿಯೂ

ಹವ್ಯಾಸಿ ರೇಡಿಯೋ ಕೇಂದ್ರವು ತನ್ನನ್ನು ಹೇಳಿಕೊಳ್ಳುವ ಹೆಸರೇ ಕರೆಸಂಜ್ಞೆ. ಅದು ಕೇವಲ ರೂಢನಾಮವಲ್ಲ, ಯೋಗರೂಢವೆಂದೇ ನನ್ನ ಮತ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ 'ಡಬ್ಲ್ಯು ೧ ಎಡಬ್ಲ್ಯು' ಎಂಬುದನ್ನು ಬಿಡಿಸಿ ನೋಡಬಹುದು. ಮೊದಲಿನ ಡಬ್ಲ್ಯು ದೇಶವಾಚಕ. ೧ ಎಂಬ ಅಂಕೆ ನ್ಯೂ ಇಂಗ್ಲೆಂಡ್ ಪ್ರಾಂತಕ್ಕೆ ಸಂದುದು. (ಈಗ ಆ ದೇಶದಲ್ಲಿ ಪ್ರಾಂತವನ್ನು ಬಿಟ್ಟವರು ಅಂಕೆಯನ್ನು ಬಿಡಬೇಕಾಗಿಲ್ಲ, ಯೋಗಾರ್ಥವು ಸವೆಯುವ ಬಗೆಯೇ ಹೀಗೆ.) ಉಳಿದೆರಡಕ್ಷರಗಳು ಬರಿಯ ರೂಢಿ.

ವ್ಯಕ್ತಿಯ ವಿಷಯದಲ್ಲಿ ಸಂಜ್ಞಿ ಯಾರೆಂಬ ಸಂದೇಹವಿಲ್ಲ. ಸಂಘವೊಂದು ಸಂಜ್ಞೆಯನ್ನು ಪಡೆದಾಗಲೋ? ಅಲ್ಲಿಯ ನಿಯಮದಂತೆ ಸಂಘದಲ್ಲಿ ಕನಿಷ್ಠ ನಾಲ್ವರಿರಬೇಕು. ಹೆಸರು, ಸಂಘಟನಾಪತ್ರ, ಆಡಳಿತ ಇವಿರಬೇಕು. ಹವ್ಯಾಸಿ ರೇಡಿಯೋ ಸೇವೆಯೇ ಮುಖ್ಯೋದ್ದೇಶವಾಗಿರಬೇಕು. ಇಷ್ಟೆಲ್ಲ ಇದ್ದರೂ ಪರವಾನಗಿಯನ್ನು ಧರಿಸುವುದು ಸಂಘವಲ್ಲ. ಸಂಘದ ಅಧಿಕಾರಿಯು ಗೊತ್ತುಮಾಡಿದ, ತನ್ನದೇ ಪರವಾನಗಿಯುಳ್ಳ ಧರ್ಮದರ್ಶಿ ಮಾತ್ರ. ನಮ್ಮ ದೇವಾಲಯಗಳ ಧರ್ಮದರ್ಶಿಯಂತೆಯೇ ಇವನೂ ಒಡೆಯನಲ್ಲ, ಉತ್ತರವಾದಿ. ಸಮೂಹಕ್ಕೆ ಹೆಸರುಂಟು, ನಾಲಗೆಯಿಲ್ಲ. ತಪ್ಪು ನಡೆದರೆ ಕೇಳುವುದು ಯಾರನ್ನು?

ಮೇಲೆ ಹೇಳಿದ ಸಂಜ್ಞೆ ಮೊದಲು ಹಿರಾಂ ಪರ್ಸಿ ಮ್ಯಾಕ್ಸಿಂ ಅವರದು. ೧೯೧೪ರಲ್ಲಿ ಅಮೆರಿಕನ್ ರೇಡಿಯೋ ರಿಲೇ ಲೀಗನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. ೧೯೩೬ರಲ್ಲಿ ಅವರು ತೀರಿಕೊಂಡ ಬಳಿಕ ಅದು ಲೀಗಿನ ಕೇಂದ್ರಕ್ಕೆ ಸಂದಿತು. ಕನೆಕ್ಟಿಕಟ್ಟಿನ ನ್ಯೂಯಿಂಗ್ಟನ್ನಿನಿಂದ ಇಂದಿಗೂ ಆ ಹೆಸರೇ ಕೇಳಿಬರುತ್ತಿದೆ.