ಕ್ಯಾನ್ಸರ್ ಎಂದು ತಿಳಿದರೆ ಸಾಲದು, ಯಾವ ಬಗೆಯದೆಂದೂ ತಿಳಿಯಬೇಕು



ಬ್ಯಾಂಕಿನಲ್ಲಿ ಸಾಲದ ಕಾಗದಪತ್ರ ನೋಡುತ್ತಿದ್ದ ನಾನು ನಿವೃತ್ತಿಯ ನಂತರ ನಮ್ಮ ಸಂಘದ ವೈದ್ಯಕೀಯ ನೆರವಿನ ಅರ್ಜಿಗಳನ್ನು ನೋಡುತ್ತಿದ್ದೇನೆ. ವೈದ್ಯನಲ್ಲ. ಆದರೂ ಈಚಿನ ಒಂದು ಅರ್ಜಿಯಿಂದ ತಿಳಿದದ್ದನ್ನು ನಿಮಗೂ ಹೇಳಬೇಕೆನಿಸಿತು.

ಅರ್ಜಿದಾರರು 42 ವರ್ಷದ ಗೃಹಿಣಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರು ಯಾರೂ ಇಲ್ಲ. ಬಿಡದ ಕೆಮ್ಮು, ಎಕ್ಸ್-ರೇಯಲ್ಲಿ ಕಲೆ. ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ ನಾಲ್ಕು ತಿಂಗಳು ಕ್ಷಯದ ಮಾತ್ರೆ ನುಂಗಿದರು. ಕೆಮ್ಮು ಹೆಚ್ಚಿತೇ ಹೊರತು ಇಳಿಯಲಿಲ್ಲ. ಆಮೇಲೆ ಸಿ.ಟಿ. ಸ್ಕ್ಯಾನ್, ಬಯಾಪ್ಸಿ ಆಗಿ, ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾಯಿತು. ಎಕ್ಸ್-ರೇಯಲ್ಲಿ ಎರಡು ರೋಗಗಳೂ ಒಂದೇ ರೀತಿ ಕಾಣಬಹುದು. ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಈ ಗೊಂದಲ ಹೊಸದಲ್ಲ.

ಬಯಾಪ್ಸಿಯಲ್ಲಿ ಗಡ್ಡೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಲ್ಲಿಗೇ ನಿಲ್ಲಿಸಬಾರದು. ಅದೇ ಚೂರಿನ ಜೀನ್ ಪರೀಕ್ಷೆಯೂ ಆಗಬೇಕು. 2007ರಲ್ಲಿ ಜಪಾನಿನ ಹಿರೋಯುಕಿ ಮಾನೋ ಅವರ ತಂಡ ಒಂದು ಸಂಗತಿ ಕಂಡುಹಿಡಿಯಿತು: ಕೆಲವರ ಗಡ್ಡೆಯಲ್ಲಿ ಎ.ಎಲ್.ಕೆ. ಎಂಬ ಜೀನ್ ಇನ್ನೊಂದು ಜೀನಿನ ಜೊತೆ ಕೂಡಿಕೊಂಡು ಜೀವಕೋಶಗಳನ್ನು ಹತೋಟಿ ಮೀರಿ ಬೆಳೆಸುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಆದ 100 ಮಂದಿಯಲ್ಲಿ ಇಂಥವರು ಸುಮಾರು 3ರಿಂದ 5. ಇವರಲ್ಲಿ ಹೆಚ್ಚಿನವರು ಧೂಮಪಾನ ಮಾಡದವರು, ವಯಸ್ಸಿನಲ್ಲಿ ಕಿರಿಯರು.

ಈ ಬಗೆಗೆಂದೇ ಮಾತ್ರೆಗಳಿವೆ. ಮೊದಲನೆಯದಾದ ಕ್ರೈಜೋಟಿನಿಬ್‌ಗೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ದೊರೆಯಿತು. ನಂತರ ಅದಕ್ಕಿಂತ ಉತ್ತಮವಾದವೂ ಬಂದಿವೆ. ರೋಗ ಹರಡಿದ್ದರೂ ಹಲವರಲ್ಲಿ ಇವು ಅದನ್ನು ವರ್ಷಗಟ್ಟಲೆ ಹತೋಟಿಯಲ್ಲಿಡುತ್ತವೆ. ಆದರೆ ಪರೀಕ್ಷೆಯಾಗದೆ ವೈದ್ಯರು ಇವನ್ನು ಬರೆದುಕೊಡುವಂತಿಲ್ಲ.

ಈ ತಾಯಿಯ ಮನೆಯವರು ಹಣವಿಲ್ಲದೆ ಆ ಪರೀಕ್ಷೆಯನ್ನೇ ಮೂರು ವಾರ ಮುಂದೂಡಿದ್ದರು. ನಮ್ಮ ನಿಯಮದಲ್ಲಿ ಶಸ್ತ್ರಚಿಕಿತ್ಸೆ, ಔಷಧಿಗೆ ನೆರವಿತ್ತು, ಪರೀಕ್ಷೆಗೆ ಇರಲಿಲ್ಲ. ತಪ್ಪು ನಮ್ಮದೂ ಹೌದು. ಕೆಲವು ಸದಸ್ಯರು ಕೈಯಿಂದ ಹಣ ಹಾಕಿ ಮಾಡಿಸಿದೆವು. ವರದಿ ಎ.ಎಲ್.ಕೆ. ಪಾಸಿಟಿವ್ ಬಂತು. ಈಗ ಮಾತ್ರೆ ನಡೆಯುತ್ತಿದೆ, ಕೆಮ್ಮು ಇಳಿದಿದೆ.

ಮನೆಯಲ್ಲಿ ಯಾರಿಗಾದರೂ ಇಂಥ ಕಾಯಿಲೆ ಬಂದರೆ ಎರಡು ಮಾತು ನೆನಪಿಡಿ. ಕ್ಷಯದ ಔಷಧಿಯಿಂದ ಗುಣ ಕಾಣದಿದ್ದರೆ ತಡಮಾಡದೆ ವೈದ್ಯರನ್ನು ಮತ್ತೆ ಕೇಳಿ. ಬಯಾಪ್ಸಿ ಆಗಿದ್ದರೆ ವರದಿಯ ಜೊತೆಗೆ ಗಡ್ಡೆಯ ಚೂರನ್ನು ಮೇಣದಲ್ಲಿ ಇಟ್ಟಿರುವ 'ಬ್ಲಾಕ್' ಎಲ್ಲಿದೆ ಎಂದು ವಿಚಾರಿಸಿ. ಮುಂದಿನ ಪರೀಕ್ಷೆಗಳಿಗೆ ಅದು ಬೇಕು.

ಈ ವರ್ಷದಿಂದ ಪರೀಕ್ಷೆಯ ಖರ್ಚಿಗೂ ನೆರವು ನೀಡಲು ಸಮಿತಿ ಒಪ್ಪಿದೆ. ಅದಕ್ಕಾಗಿ ಪ್ರತ್ಯೇಕ ನಿಧಿ ತೆರೆದಿದ್ದೇವೆ. ಯಥಾಶಕ್ತಿ ಸಹಾಯ ಮಾಡಬೇಕೆಂದು ವಿನಂತಿ.